ಕಳೆ ಗುರುತಿಸುವುದನ್ನು ಗದ್ದೆಯಲ್ಲೇ ಕಲಿಸಿ

ಮಾನ್ಯ ಸಂಪಾದಕರೇ,

ಭದ್ರಾ ನಾಲೆಯ ನೀರು ಬಂದು ಭತ್ತದ ನಾಟಿ ಮುಗಿಯುತ್ತಿದ್ದಂತೆ ದಾವಣಗೆರೆ, ಹರಿಹರ ಭಾಗದ ಔಷಧಿ ಅಂಗಡಿಗಳಲ್ಲಿ ಕಳೆನಾಶಕದ ವ್ಯಾಪಾರ ಜೋರಾಗುತ್ತದೆ. ರೈತರು ‘ಹುಲ್ಲಿಗೆ ಔಷಧಿ ಕೊಡಿ’ ಎನ್ನುತ್ತಾರೆ. ಅದು ಹುಲ್ಲೋ, ಹುಲ್ಲಿನಂತೆಯೇ ಕಾಣುವ ಬೇರೆ ಗುಂಪಿನ ಕಳೆಯಾದ ಜೇಕೋ ಎಂದು ವಿಚಾರಿಸುವವರು ಕಡಿಮೆ. ಹುಲ್ಲಿನ ಜಾತಿಯನ್ನಷ್ಟೇ ಕೊಲ್ಲುವ ಸೈಹಾಲೋಫಾಪ್‌ನಂತಹ ಔಷಧಿಯನ್ನು ಜೇಕು ತುಂಬಿದ ಗದ್ದೆಗೆ ಹೊಡೆದರೆ ಹಣ, ಕೂಲಿ ಎರಡೂ ದಂಡ.

ಇವೆರಡನ್ನು ಬೇರ್ಪಡಿಸಲು ಕಾಂಡವನ್ನು ಬೆರಳ ಸಂದಿಯಲ್ಲಿ ಹೊರಳಿಸಿ ನೋಡಿದರೆ ಬಹುಮಟ್ಟಿಗೆ ಸಾಕು. ಜೇಕಿನ ಕಾಂಡಕ್ಕೆ ಸಾಮಾನ್ಯವಾಗಿ ಮೂರು ಏಣುಗಳಿದ್ದು, ನಡುವೆ ಗೆಣ್ಣಿರುವುದಿಲ್ಲ, ಎಲೆಗಳು ಮೂರು ದಿಕ್ಕಿಗೆ ಚಾಚಿರುತ್ತವೆ; ಹುಲ್ಲಿನ ಕಾಂಡದಲ್ಲಿ ಗೆಣ್ಣು ಎದ್ದು ಕಾಣುತ್ತದೆ, ಎಲೆಗಳು ಎರಡೇ ಸಾಲಿನಲ್ಲಿರುತ್ತವೆ. ಆದರೆ ಏಣಿಲ್ಲದ ದುಂಡು ಕಾಂಡದ ಜೇಕುಗಳೂ ನಮ್ಮ ಕೆರೆಗಳ ಅಂಚಿನಲ್ಲಿವೆ. ಎಲಿಯೋಕ್ಯಾರಿಸ್ ಅಂಥದ್ದು, ಅದನ್ನು ಜಂಕಸ್ ಎಂಬ ಮೂರನೆಯ ಗುಂಪಿನ ಸಸ್ಯವೆಂದು ತಿಳಿಯುವವರಿದ್ದಾರೆ. ನಿಜವಾದ ಜಂಕಸ್‌ನ ಹೂವಿಗೆ ಆರು ಪುಟ್ಟ ದಳಗಳಿದ್ದು, ಕಾಯಿಯೊಳಗೆ ಹಲವು ಬೀಜಗಳಿರುತ್ತವೆ. ಕೆರೆಯಲ್ಲಿ ಎತ್ತರಕ್ಕೆ ಬೆಳೆಯುವ ಆಪು (ಟೈಫಾ) ಹುಲ್ಲು, ಜೇಕು, ಜಂಕಸ್ ಈ ಮೂರೂ ಗುಂಪುಗಳಿಗೆ ಸೇರಿದ್ದಲ್ಲ.

ಕಷ್ಟವಿರುವುದು ಹುಲ್ಲನ್ನು ಭತ್ತದಿಂದ ಬೇರ್ಪಡಿಸುವಲ್ಲಿ. ಎಕೈನೋಕ್ಲೋವ ಎಂಬ ಹುಲ್ಲಿನ ಕಳೆ ಎಳೆಯದಾಗಿದ್ದಾಗ ಭತ್ತದ ಸಸಿಯಂತೆಯೇ ಇದ್ದು, ಸಸಿಮಡಿಯಿಂದಲೇ ನಾಟಿಯ ಕಟ್ಟಿನೊಂದಿಗೆ ಗದ್ದೆಗೆ ಬಂದು ಸೇರುತ್ತದೆ. ಎಲೆಯನ್ನು ಕಾಂಡದಿಂದ ಮೆಲ್ಲಗೆ ಹಿಂದಕ್ಕೆ ಬಾಗಿಸಿ, ಅವು ಕೂಡುವ ಜಾಗವನ್ನು ನೋಡಬೇಕು: ಭತ್ತದಲ್ಲಿ ಅಲ್ಲಿ ತೆಳ್ಳನೆಯ ಬಿಳಿ ಪೊರೆಯೂ ಅದರ ಪಕ್ಕದಲ್ಲಿ ರೋಮವಿರುವ ಕಿವಿಯಂತಹ ಚಾಚುಗಳೂ ಇರುತ್ತವೆ, ಈ ಕಳೆಯಲ್ಲಿ ಆ ಜಾಗ ಬೋಳು. ಹತ್ತು ಪಟ್ಟು ಹಿಗ್ಗಿಸುವ ಸಣ್ಣ ಮಸೂರವಿದ್ದರೆ ಇನ್ನೂ ಸುಲಭ.

ಸಸ್ಯಶಾಸ್ತ್ರದ ಪುಸ್ತಕಗಳು ಹುಲ್ಲನ್ನು ಹೂವಿನಿಂದ ಗುರುತಿಸಲು ಹೇಳುತ್ತವೆ. ವಿದ್ಯಾರ್ಥಿಗಳಿಗೆ ಅದು ಸರಿ, ರೈತರಿಗೆ ಉಪಯೋಗವಿಲ್ಲ. ಏಕೆಂದರೆ ಮೊಳೆತ ಮೇಲೆ ಹೊಡೆಯುವ ಹೆಚ್ಚಿನ ಕಳೆನಾಶಕಗಳು ಚೆನ್ನಾಗಿ ಕೆಲಸ ಮಾಡುವುದು ಕಳೆ ಎರಡು–ನಾಲ್ಕು ಎಲೆಯದಾಗಿದ್ದಾಗ, ಹೂ ಬರುವ ಮೊದಲೇ. ಹಾಗೆಯೇ ಮೆಕ್ಕೆಜೋಳದ ಹೊಲದಲ್ಲಿರುವ, ಜೇಕಿನ ಜಾತಿಯ ಕೊನ್ನಾರಿಯನ್ನು ಹುಲ್ಲೆಂದು ಕುಂಟೆ ಹೊಡೆದರೆ, ನೆಲದೊಳಗಿನ ಗಡ್ಡೆಗಳ ಸರ ತುಂಡಾಗಿ ಒಂದೊಂದು ಗಡ್ಡೆಯೂ ಬೇರೆ ಬೇರೆಯಾಗಿ ಚಿಗುರುತ್ತದೆ.

ಆದ್ದರಿಂದ ರೈತ ಸಂಪರ್ಕ ಕೇಂದ್ರಗಳು ಮತ್ತು ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರ ನಾಟಿಯ ಸಮಯದಲ್ಲಿ, ಸಭಾಂಗಣದ ಬದಲು ಗದ್ದೆಯ ಬದುವಿನ ಮೇಲೆ ಈ ಪಾಠವನ್ನು ನಡೆಸಬೇಕೆಂದು ಕೋರುತ್ತೇನೆ. ತರಬೇತಿಗೆ ಕರೆಯುವುದು ಸಾಮಾನ್ಯವಾಗಿ ಪಹಣಿಯಲ್ಲಿ ಹೆಸರಿರುವವರನ್ನು. ಕಳೆಯನ್ನು ದಿನವಿಡೀ ಕೈಯಲ್ಲಿ ಹಿಡಿಯುವ ಕೂಲಿ ಹೆಣ್ಣುಮಕ್ಕಳನ್ನು ಮೊದಲು ಕರೆಯಬೇಕು, ಆ ದಿನದ ಕೂಲಿಯನ್ನೂ ಕೊಡಬೇಕು. ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಮುಂಗಾರು ಮುಗಿಯುವವರೆಗೆ ವಾರಕ್ಕೊಂದು ಕಳೆಯ ಎಳೆಯ ಸಸಿಯ ಚಿತ್ರವನ್ನು, ಎಲೆ–ಕಾಂಡ ಕೂಡುವ ಭಾಗ ಸ್ಪಷ್ಟವಾಗಿ ಕಾಣುವಂತೆ, ಪ್ರಕಟಿಸಬೇಕೆಂದು ವಿನಂತಿ.

– ನಿವೃತ್ತ ಸಸ್ಯಶಾಸ್ತ್ರ ಉಪನ್ಯಾಸಕ, ದಾವಣಗೆರೆ