ಮೊದಲು ಅವಳ ಚಿತ್ರ, ಆಮೇಲೆ ಅವನ ಫೋಟೋ

ಪ್ರೀತಿಯ ಪುಟ್ಟಿ,

ನಿನ್ನೆ ಕುಕ್ಕರ್ ಕೂಗಿತು ಅಂತ ಫೋನ್ ಅರ್ಧಕ್ಕೇ ಇಟ್ಟೆ. ಅಮೆರಿಕದ ಚಿತ್ರಕಲಾವಿದೆ ಜಾರ್ಜಿಯಾ ಓಕೀಫ್, ಅವಳ ಗಂಡ ಫೋಟೋಗ್ರಾಫರ್ ಆಲ್ಫ್ರೆಡ್ ಸ್ಟೀಗ್ಲಿಟ್ಜ್, ಈ ದಂಪತಿಯನ್ನು ಒಂಬತ್ತನೇ ಕ್ಲಾಸಿಗೆ ಹೇಗೆ ಪಾಠ ಮಾಡಲಿ ಅಂತ ಕೇಳಿದೆಯಲ್ಲ, ಅದಕ್ಕೆ ಈ ಕಾಗದ. ಹಳೇ ಡ್ರಾಯಿಂಗ್ ಮಿಸ್ಸಿನ ಬುದ್ಧಿಮಾತು ಅಂದುಕೊಳ್ಳಬೇಡ. ನಾನು ಈ ಪಾಠವನ್ನು ಕೆಡಿಸಿದ ಕಥೆ ಅಂದುಕೋ.

ನಾನು ಸ್ಟೀಗ್ಲಿಟ್ಜ್ ತೆಗೆದ ಫೋಟೋಗಳಿಂದ ಶುರು ಮಾಡಿದ್ದೆ. ಓಕೀಫ್‌ಳ ಮುಖ, ಅವಳ ಕೈ. ಎಷ್ಟು ಚೆಂದದ ಕೈಗಳು! ಮಕ್ಕಳು ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ಟೆಸ್ಟಿನಲ್ಲಿ ಒಬ್ಬ ಹುಡುಗ ಬರೆದ: 'ಓಕೀಫ್ ದೊಡ್ಡ ಫೋಟೋಗ್ರಾಫರ್ ಒಬ್ಬರ ಹೆಂಡತಿ. ಅವರಿಗೆ ಚಿತ್ರಕಲೆಯೂ ಬರುತ್ತಿತ್ತು.' ಆ 'ಚಿತ್ರಕಲೆಯೂ' ಅನ್ನುವುದರ 'ಊ' ನೋಡಿ ನನಗೆ ನಾಚಿಕೆಯಾಯಿತು. ಅದು ಅವನ ತಪ್ಪಲ್ಲ, ನಾನು ಪಾಠ ಮಾಡಿದ್ದೇ ಹಾಗೆ.

ಓಕೀಫ್‌ಳ ಬದುಕಿನಲ್ಲೂ ಹೆಚ್ಚುಕಡಿಮೆ ಹೀಗೇ ಆಗಿತ್ತು. 1921ರಲ್ಲಿ ಸ್ಟೀಗ್ಲಿಟ್ಜ್ ನ್ಯೂಯಾರ್ಕಿನಲ್ಲಿ ತನ್ನ ಸುಮಾರು 145 ಫೋಟೋಗಳನ್ನು ತೂಗುಹಾಕಿದ. ಅದರಲ್ಲಿ ಸುಮಾರು 45 ಫೋಟೋಗಳಲ್ಲಿ ಇದ್ದವಳು ಅವಳೇ, ಕೆಲವು ಬಟ್ಟೆಯಿಲ್ಲದವು. ಎರಡು ವರ್ಷದ ಮೇಲೆ ಅವಳ 100 ಚಿತ್ರಗಳ ಪ್ರದರ್ಶನ ಆದಾಗ, ವಿಮರ್ಶಕರು ಬಣ್ಣ, ಗೆರೆ ನೋಡುವ ಬದಲು ಆ ಫೋಟೋದ ಹೆಂಗಸನ್ನೇ ಚಿತ್ರದೊಳಗೆ ಹುಡುಕಿದರು. ಅವಳಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ.

ಅದಕ್ಕೇ ನೀನು 1915ರಿಂದ ಶುರು ಮಾಡು. ಅವಳೂ ನಮ್ಮ ಹಾಗೆ ಟೀಚರ್, ಗೊತ್ತಲ್ವಾ? ಸೌತ್ ಕೆರೊಲಿನಾದ ಒಂದು ಸಣ್ಣ ಕಾಲೇಜಿನಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ಇಷ್ಟು ದಿನ ಬೇರೆಯವರ ಹಾಗೇ ಬರೆದೆ ಅನ್ನಿಸಿ, ಬಣ್ಣಗಳನ್ನೆಲ್ಲ ಎತ್ತಿಟ್ಟು ಬರೀ ಇದ್ದಿಲಿನಲ್ಲಿ ಬರೆಯಲು ಕೂತಳು. ಆ ಚಿತ್ರಗಳನ್ನು ನ್ಯೂಯಾರ್ಕಿನ ಗೆಳತಿಗೆ ಕಳಿಸಿದಳು. ಗೆಳತಿ ಅವನ್ನು 1916ರ ಜನವರಿ 1ಕ್ಕೆ ಸ್ಟೀಗ್ಲಿಟ್ಜ್‌ಗೆ ತೋರಿಸಿದಳು. ಅವತ್ತು ಅವನ 52ನೇ ಹುಟ್ಟುಹಬ್ಬ. ಮೇ ತಿಂಗಳಲ್ಲಿ ಅವನು ತನ್ನ '291' ಗ್ಯಾಲರಿಯಲ್ಲಿ ಅವನ್ನು ತೂಗುಹಾಕಿಯೂಬಿಟ್ಟ. ಅವಳನ್ನು ಒಂದು ಮಾತು ಕೇಳಲಿಲ್ಲ! ಅವಳು ಸೀದಾ ಹೋಗಿ ಜಗಳವಾಡಿದಳು. ಕೊನೆಗೆ ಅವನ ಮಾತೇ ಗೆದ್ದಿತು, ಚಿತ್ರಗಳು ಗೋಡೆಯ ಮೇಲೇ ಉಳಿದವು.

ಇಲ್ಲಿ ನಿಲ್ಲಿಸಿ ಮಕ್ಕಳನ್ನು ಕೇಳು, ಅವನು ಮಾಡಿದ್ದು ಸರಿಯಾ ಅಂತ. ನನ್ನ ಕ್ಲಾಸು ಎರಡು ಪಾರ್ಟಿ ಆಗಿ, ಪಕ್ಕದ ಕ್ಲಾಸಿನ ಮೇಷ್ಟ್ರು ಬಾಗಿಲಲ್ಲಿ ಬಂದು ನಿಂತಿದ್ದರು.

ಮದುವೆ ವಿಷಯ ಬಂದೇ ಬರುತ್ತದೆ. ಮುಚ್ಚಿಡಬೇಡ. ಸ್ಟೀಗ್ಲಿಟ್ಜ್‌ಗೆ ಆಗಲೇ ಹೆಂಡತಿ, ಮಗಳು ಇದ್ದರು. ಓಕೀಫ್‌ಗಿಂತ ಸುಮಾರು 24 ವರ್ಷ ದೊಡ್ಡವನು. 1924ರಲ್ಲಿ ವಿಚ್ಛೇದನ ಆಗಿ, ಡಿಸೆಂಬರಿನಲ್ಲಿ ಇವಳನ್ನು ಮದುವೆಯಾದ. ಅವಳು ಹೆಸರು ಬದಲಾಯಿಸಿಕೊಳ್ಳಲಿಲ್ಲ. ಆಮೇಲೆ ಅವನು ಇನ್ನೊಬ್ಬಳ ಕಡೆ ವಾಲಿದ. 1929ರಿಂದ ಇವಳು ಆಗಾಗ ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಬಯಲಿಗೆ ಹೊರಟುಬಿಡುತ್ತಿದ್ದಳು. ಆದರೂ ಅವರು ಒಬ್ಬರಿಗೊಬ್ಬರು ಬರೆದ ಕಾಗದಗಳು 5,000ಕ್ಕೂ ಜಾಸ್ತಿ ಇವೆ. ಇದನ್ನೆಲ್ಲ ಎರಡೇ ನಿಮಿಷದಲ್ಲಿ ಹೇಳಿ ಮುಗಿಸು.

ಉಳಿದ ಹೊತ್ತನ್ನು ಮೋಡಗಳಿಗೆ ಇಟ್ಟುಕೋ. ಈ ಜೋಡಿಯ ಬಗ್ಗೆ ನನಗೆ ತುಂಬ ಇಷ್ಟವಾದದ್ದು ಅದೇ. 1922ರಿಂದ ಸ್ಟೀಗ್ಲಿಟ್ಜ್ ಕ್ಯಾಮೆರಾವನ್ನು ಆಕಾಶಕ್ಕೆ ತಿರುಗಿಸಿದ. ಬಹಳಷ್ಟು ಫೋಟೋಗಳಲ್ಲಿ ನೆಲವಿಲ್ಲ, ಮರವಿಲ್ಲ, ಮೇಲು ಯಾವುದು ಕೆಳಗು ಯಾವುದು ತಿಳಿಯುವುದಿಲ್ಲ. ಹೆಚ್ಚಿನವು ಅಂಗೈಯಷ್ಟು ಪುಟ್ಟ ಪ್ರಿಂಟುಗಳು. ಅವನು 1946ರಲ್ಲಿ ತೀರಿಕೊಂಡ. ಓಕೀಫ್ ವಯಸ್ಸಾದ ಮೇಲೆ ವಿಮಾನದ ಕಿಟಕಿಯಿಂದ ಮೋಡ ನೋಡಿದಳು, ಮೇಲಿನಿಂದ. 1965ರ ಬೇಸಿಗೆಯಲ್ಲಿ, 77ನೇ ವಯಸ್ಸಿನಲ್ಲಿ, ಗ್ಯಾರೇಜಿನಲ್ಲಿ ನಿಂತು ಅದನ್ನು 24 ಅಡಿ ಅಗಲದ ಕ್ಯಾನ್ವಾಸಿಗೆ ತಂದಳು. ಅವನಿಗೆ ಉತ್ತರ ಕೊಟ್ಟಳು ಅಂತ ನಾನು ಹೇಳುವುದಿಲ್ಲ, ಅದು ಸುಮ್ನೆ ಕಥೆ ಕಟ್ಟಿದ ಹಾಗೆ. ಅಂಗೈಯಷ್ಟು ಕಾಗದ ಕತ್ತರಿಸಿ ಮಕ್ಕಳ ಕೈಗೆ ಕೊಡು. ಆಮೇಲೆ ಕಾರಿಡಾರಿನಲ್ಲಿ 24 ಅಡಿ ಅಳೆದು ಸೀಮೆಸುಣ್ಣದ ಗೆರೆ ಎಳೆ. ವ್ಯತ್ಯಾಸ ಅವರಿಗೇ ಕಾಣುತ್ತದೆ.

ಬರೆಯಲು ದತ್ತೂರಿ ಹೂ ಕೊಡು, ನಿಮ್ಮಜ್ಜಿ ಮದ್ದುಗುಣಿಕೆ ಅನ್ನುತ್ತಿದ್ದರಲ್ಲ, ಅದೇ. ನ್ಯೂ ಮೆಕ್ಸಿಕೋದಲ್ಲಿ ಓಕೀಫ್ ಮನೆ ಸುತ್ತಲೂ ಅದೇ ಜಾತಿಯ ಗಿಡ ಬೆಳೆಯುತ್ತಿತ್ತು. ಊರಿನ ಗಡಿಬಿಡಿಯ ಜನ ನಿಂತು ನೋಡಲಿ ಅಂತ ಅವಳು ಹೂಗಳನ್ನು ಅಷ್ಟು ದೊಡ್ಡದಾಗಿ ಬರೆದಳು. ನಿನ್ನ ಮಕ್ಕಳ ಹೂವೂ ಹಾಳೆಯ ನಾಲ್ಕು ಅಂಚನ್ನು ಮುಟ್ಟಬೇಕು. 1932ರ ಅವಳ ದತ್ತೂರಿ ಚಿತ್ರ 2014ರ ಹರಾಜಿನಲ್ಲಿ 4 ಕೋಟಿ 44 ಲಕ್ಷ ಡಾಲರಿಗೆ ಹೋಯಿತು. ಇದನ್ನು ಮಾತ್ರ ಬೆಲ್ ಹೊಡೆದ ಮೇಲೆ ಹೇಳು. ಮೊದಲೇ ಹೇಳಿದರೆ ಯಾರೂ ಹೂ ನೋಡುವುದಿಲ್ಲ.

ಮತ್ತೆ, ಗಿಡ ವಿಷ. ಎಲ್ಲರ ಕೈಯನ್ನೂ ಸೋಪು ಹಾಕಿ ತೊಳೆಸಿಯೇ ಊಟಕ್ಕೆ ಬಿಡು.

ನಿನ್ನ,
ಅಮ್ಮ