ಏಳು ನಿಮಿಷದ ಟ್ರ್ಯಾಕ್, ಮೂರೂವರೆ ನಿಮಿಷದ ಹಾಡು

ಪ್ರೀತಿಯ ಮಗಳೇ,

ನೀನು ಕಳಿಸಿದ ಹೌಸ್ ಟ್ರ್ಯಾಕನ್ನು, ಅಂದರೆ ಕ್ಲಬ್ಬಿನಲ್ಲಿ ಕುಣಿಯಲು ಮಾಡಿದ ಆ ಎಲೆಕ್ಟ್ರಾನಿಕ್ ಸಂಗೀತವನ್ನು, ಹೆಡ್‌ಫೋನ್ ಹಾಕಿಕೊಂಡು ಎರಡು ಸಲ ಕೇಳಿದೆ. ರೇಡಿಯೊಗಾಗಿ ಏಳು ನಿಮಿಷವನ್ನು ಮೂರೂವರೆಗೆ ಇಳಿಸಬೇಕಾಗಿದೆ, ಎಲ್ಲಿ ಕತ್ತರಿ ಆಡಿಸಿದರೂ ಜೀವ ಹೋಗುತ್ತದೆ ಎಂದು ಬರೆದಿದ್ದೀಯ. ನಿನಗೆ ಆ ಅಳುಕು ಇರುವುದೇ ನನಗೆ ಸಮಾಧಾನ.

ಡಿಜೆಗಾಗಿ ಇಟ್ಟದ್ದನ್ನು ತೆಗೆ, ಕುಣಿಯುವವರಿಗಾಗಿ ಇಟ್ಟದ್ದನ್ನು ಮುಟ್ಟಬೇಡ. ಆರಂಭದ 32 ಬಾರ್‌ಗಳು (ನಾಲ್ಕು ಬೀಟ್‌ಗೆ ಒಂದು ಬಾರ್) ನಿಮಿಷಕ್ಕೆ 124 ಬೀಟ್‌ಗಳ ವೇಗದಲ್ಲಿ ಸುಮಾರು ಒಂದು ನಿಮಿಷವನ್ನೇ ನುಂಗುತ್ತವೆ. ಬರಿಯ ಡ್ರಮ್ಮಿನ ಆ ಭಾಗ ಹಿಂದಿನ ಹಾಡಿಗೆ ಇದನ್ನು ಬೆಸೆಯುವುದಕ್ಕೆ ಮಾತ್ರ. ಕೊನೆಯ ಭಾಗವೂ ಹಾಗೆಯೇ. ಆದರೆ ನಡುವೆ ಡ್ರಮ್ ನಿಂತು ಮತ್ತೆ ಬಂದು ಬೀಳುತ್ತದಲ್ಲ, ಅದನ್ನು ಎಂಟು ಬಾರ್‌ನಷ್ಟಾದರೂ ಉಳಿಸಿಕೋ. ಜನ ಉಸಿರು ಬಿಗಿಹಿಡಿಯುವುದು ಅಲ್ಲಿಯೇ.

ಬೇಸ್, ಅಂದರೆ ತೀರ ಕೆಳಗಿನ ಸ್ವರ, ಸಣ್ಣ ಸ್ಪೀಕರ್‌ನಲ್ಲಿ ಕೇಳುತ್ತಿಲ್ಲವೆಂದು ಅದರ ಮಟ್ಟ ಏರಿಸಬೇಡ. 50 ಹರ್ಟ್ಸ್‌ನಷ್ಟು ಕೆಳಗಿನ ದನಿ ಅಲ್ಲಿ ಹುಟ್ಟುವುದೇ ಇಲ್ಲ. ತುಸು ಸ್ಯಾಚುರೇಷನ್ ಕೊಟ್ಟು, ಅಂದರೆ ದನಿಯನ್ನು ಹದವಾಗಿ ಒರಟಾಗಿಸಿ, ಮೂಲಸ್ವರದ ಮೇಲಿನ ಹಾರ್ಮೋನಿಕ್ ಸ್ವರಗಳನ್ನು ಎಬ್ಬಿಸು. ಇಲ್ಲದ ಕೆಳಸ್ವರವನ್ನು ಕಿವಿಯೇ ತುಂಬಿಕೊಳ್ಳುತ್ತದೆ.

ಇನ್ನು ಕಂಠ. ಒಂದೇ ಸಾಲನ್ನು ನಲವತ್ತು ಸಲ ತಿರುಗಿಸಿದ್ದೀಯ. ನಡುರಾತ್ರಿಯ ಕತ್ತಲಲ್ಲಿ ಅದು ಮಂತ್ರ. ಹಗಲು ಕೇಳುವವರಿಗೆ ಪಲ್ಲವಿ ಬೇಕು, ಅಲ್ಲಿಗೆ ಕರೆದೊಯ್ಯುವ ಚರಣ ಬೇಕು. ಡೆಟ್ರಾಯಿಟ್‌ನ ನೃತ್ಯಸಂಗೀತ ನಿರ್ಮಾಪಕ ಕೆವಿನ್ ಸೌಂಡರ್ಸನ್ ತಮ್ಮ ವಾದ್ಯದ ಟ್ರ್ಯಾಕನ್ನು ಷಿಕಾಗೊದ ಗಾಯಕಿ ಪ್ಯಾರಿಸ್ ಗ್ರೇ ಅವರಿಗೆ ಕಳಿಸಿದರು, ಆಕೆ ಅದಕ್ಕೆ ಮಾತು ಹೊಸೆದು ಹಾಡಿದರು. 1988ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಹತ್ತರೊಳಗೆ ಬಂದ 'ಬಿಗ್ ಫನ್' ಹುಟ್ಟಿದ್ದು ಹೀಗೆ. ಲಯವನ್ನು ಯಾರೂ ಮೆದುಗೊಳಿಸಲಿಲ್ಲ. ನೀನೂ ಹಾಡಬಲ್ಲ ಒಬ್ಬರನ್ನು ಹುಡುಕು, ಅವರಿಗೆ ಬರೆಯಲೂ ಬಿಡು.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಆ ತಿರುಗುವ ಸಾಲನ್ನು ಯಾವುದೋ ಹಳೆಯ ಹಾಡಿನಿಂದ ಎತ್ತಿಕೊಂಡಿದ್ದೀಯ, ಆ ದನಿ ಯಾರದೆಂದು ಬರೆದಿಲ್ಲ. 1989ರಲ್ಲಿ ಬ್ಲ್ಯಾಕ್ ಬಾಕ್ಸ್ ತಂಡದ 'ರೈಡ್ ಆನ್ ಟೈಮ್' ಬ್ರಿಟನ್ನಿನಲ್ಲಿ ಆರು ವಾರ ಮೊದಲ ಸ್ಥಾನದಲ್ಲಿತ್ತು. ಅದರಲ್ಲಿ ಮೊಳಗುವ ದನಿ ಲೊಲಿಯಾಟಾ ಹಾಲೊವೇ ಅವರ 1980ರ ಹಾಡಿನಿಂದ ಎತ್ತಿದ್ದು. ಅವರ ಹೆಸರೇ ಇರಲಿಲ್ಲ. ಆ ದನಿಗೆ ತುಟಿ ಆಡಿಸಿದ್ದು ಒಬ್ಬ ರೂಪದರ್ಶಿ. ಈಗಲೂ ಅದನ್ನು ಕೇಳಿದಾಗ ನನ್ನ ಕಾಲು ತಾನಾಗಿ ಕುಣಿಯುತ್ತದೆ, ಮನಸ್ಸು ಕುಗ್ಗುತ್ತದೆ.

ಆ ದನಿಯವರಿಂದ ಅನುಮತಿ ಪಡೆದು, ಹೆಸರು ಹಾಕಿ, ಆಮೇಲೆ ಹೊಸ ಮಿಕ್ಸ್ ಕಳಿಸು. ಈ ಸಲ ಮೊಬೈಲಿನ ಸ್ಪೀಕರ್‌ನಲ್ಲೇ ಕೇಳುತ್ತೇನೆ.

ನಿನ್ನ ಚಿಕ್ಕಪ್ಪ