ಫೋರ್‌ಮನ್ ಅಣ್ಣನಿಗೆ, ಮತ್ತು ನಿಮ್ಮೆಲ್ಲರಿಗೂ

ಕಳೆದ ವಾರ ಕಾಲೇಜಿನಿಂದ ನಿವೃತ್ತನಾದೆ. ಬೀಳ್ಕೊಡುಗೆಯ ದಿನ ಮೈಕ್ ಹಿಡಿದಾಗ ಗಂಟಲು ಕಟ್ಟಿತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಜೊತೆಗೆ ಪಾಠ ಮಾಡಿದವರಿಗೆ, ಮಳೆಯಲ್ಲೂ ಪ್ರಾಜೆಕ್ಟಿಗಾಗಿ ಅಲೆದ ಹುಡುಗ ಹುಡುಗಿಯರಿಗೆ, ಮೀಟರ್ ಹಾಕಲು ಬಿಟ್ಟ ತೋಟದವರಿಗೆ, ಕುಶಾಲನಗರದ ಕಡೆಯ ಕಾಫಿ ವರ್ಕ್ಸ್‌ನವರಿಗೆ, ಎಲ್ಲರಿಗೂ ಕೈ ಮುಗಿಯುತ್ತೇನೆ.

ಒಬ್ಬರ ಬಗ್ಗೆ ಮಾತ್ರ ಜಾಸ್ತಿ ಬರೆಯಲೇಬೇಕು. ನಮ್ಮ ವರ್ಕ್‌ಶಾಪಿನ ಫೋರ್‌ಮನ್. ನನಗಿಂತ ದೊಡ್ಡವರು, ಅಣ್ಣ ಅಂತಲೇ ಕರೆಯುವುದು. ಹೆಸರು ಹಾಕಬೇಡಿ ಅಂದಿದ್ದಾರೆ.

ಕಾರ್ಖಾನೆಗಳಲ್ಲಿ ವಿದ್ಯುತ್ ಉಳಿಸುವುದು ಹೇಗೆ ಅನ್ನುವುದೇ ನನ್ನ ಸಂಶೋಧನೆ. ಅದರ ಮೊದಲ ಪಾಠ ಅಣ್ಣನದು. ಒಂದು ಸಂಜೆ ಮೆಷಿನ್‌ಗಳೆಲ್ಲ ನಿಂತ ಮೇಲೆ, "ಸಾರ್, ಯಾರೂ ಗಾಳಿ ಬಳಸ್ತಿಲ್ಲ. ಕಂಪ್ರೆಸರ್ ಯಾಕೆ ಮತ್ತೆ ಮತ್ತೆ ಓಡ್ತಿದೆ?" ಅಂದರು. ಸೋಪಿನ ನೀರು ಹಚ್ಚುತ್ತಾ ಪೈಪಿನುದ್ದಕ್ಕೂ ಹೋದರು. ಎಷ್ಟೋ ಜಾಯಿಂಟುಗಳಲ್ಲಿ ಗುಳ್ಳೆ ಎದ್ದಿತು, ಅಲ್ಲೆಲ್ಲ ಗಾಳಿ ಸೋರುತ್ತಿತ್ತು. ಹೊಸ ಮೆಷಿನ್ ಕೊಳ್ಳುವ ಮೊದಲು ಸೋರಿಕೆ ನಿಲ್ಲಿಸಿ ಅಂತ ಆಮೇಲೆ ನಾನು ಹೋದಲ್ಲೆಲ್ಲ ಹೇಳಿದೆ. ಅದು ಅವರಿಂದ ಕಲಿತದ್ದು.

ಕಾಫಿ ಡ್ರೈಯರ್ ಕೆಲಸದಲ್ಲೂ ಅಷ್ಟೇ. ತೊಳೆದ ಪಾರ್ಚ್‌ಮೆಂಟಿನ, ಅಂದರೆ ಹಣ್ಣಿನ ಸಿಪ್ಪೆ ತೆಗೆದ ಮೇಲೆ ಒಳ ಹೊಟ್ಟಿನ ಸಮೇತ ಇರುವ ಕಾಫಿ ಬೀಜದ, ಮೇಲಿನ ನೀರು ಬೇಗ ಆರುತ್ತದೆ. ಒಳಗಿನ ತೇವ ನಿಧಾನಕ್ಕೇ ಹೊರಗೆ ಬರಬೇಕು. ಆಗಲೂ ಗಾಳಿ ಊದುವ ಫ್ಯಾನು, ಅಂದರೆ ಬ್ಲೋವರ್, ಪೂರ್ತಿ ವೇಗದಲ್ಲಿ ಓಡಿದರೆ ಕರೆಂಟು ದಂಡ. ಫ್ಯಾನಿನ ವೇಗ 20% ಇಳಿಸಿದರೆ ಅದಕ್ಕೆ ಬೇಕಾದ ವಿದ್ಯುತ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಲೆಕ್ಕ ಹಾಕಿದ್ದು ನಾನು. ರಾತ್ರಿಯೆಲ್ಲ ಡ್ರೈಯರ್ ಪಕ್ಕ ಕೂತು ಗಂಟೆಗೊಮ್ಮೆ ತೇವ ಅಳೆದದ್ದು ಅಣ್ಣ.

ಇನ್ನು, 2018ರ ಆಗಸ್ಟ್. ನನ್ನ ಹೆಂಡತಿ ಮೈಸೂರಿನ ಆಸ್ಪತ್ರೆಯಲ್ಲಿದ್ದಳು. ಏನಾಗಿತ್ತು ಅಂತ ನಿಮಗೆಲ್ಲ ಗೊತ್ತು. ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ದಾರಿ ಮುಚ್ಚಿತ್ತು, ಪುತ್ತೂರಿನಿಂದ ನಮ್ಮವರು ಬರಲಾಗಲಿಲ್ಲ. ಕಾರಿನಲ್ಲಿ ನಮ್ಮನ್ನು ಕರೆತಂದಿದ್ದ ಅಣ್ಣ ಅಲ್ಲೇ ಉಳಿದರು. ಮಕ್ಕಂದೂರಿನ ಅವರ ತಂಗಿ ಮನೆಗೆ ಫೋನ್ ಹೋಗುತ್ತಿರಲಿಲ್ಲ. ಆಗಾಗ ಎದ್ದು ಹೋಗಿ, ನನಗೆ ಕಾಣದ ಹಾಗೆ ನಂಬರ್ ಒತ್ತುತ್ತಿದ್ದರು. ನೀವು ಹೊರಡಿ ಅಣ್ಣಾ ಅಂದೆ. "ನಿಮ್ಮನ್ನು ಒಬ್ಬರನ್ನೇ ಬಿಟ್ಟು ಹೇಗೆ ಹೋಗ್ಲಿ ಸಾರ್?" ಅಂದರು. ನಡುರಾತ್ರಿ ಡಾಕ್ಟರು ಕರೆದಾಗ ನನಗೆ ಏಳಲೂ ಆಗಲಿಲ್ಲ. ಫಾರಂ ಓದಿ ಹೇಳಿ, ಪೆನ್ನು ಕೈಗಿಟ್ಟು, ಸಹಿ ಮುಗಿಯುವವರೆಗೆ ಹೆಗಲು ಹಿಡಿದಿದ್ದರು. ಅವರಿರದಿದ್ದರೆ... ಬೇಡ, ಅದನ್ನು ಬರೆಯಲಾರೆ.

ತಂಗಿ ಮನೆಯವರು ಪರಿಹಾರ ಕೇಂದ್ರದಲ್ಲಿದ್ದಾರೆ, ಕ್ಷೇಮ, ಅಂತ ಮಾರನೇ ದಿನ ಸುದ್ದಿ ಬಂತು. ಅಣ್ಣ ಅತ್ತದ್ದು ಆಗಲೇ. ನನ್ನ ಹೆಂಡತಿಯೂ ಹುಷಾರಾಗಿ ಮನೆಗೆ ಬಂದಳು.

ಈ ಸಲ ಹುತ್ತರಿ ಊಟ ನಮ್ಮಲ್ಲೇ ಅಂತ ಅವಳು ಹೇಳಿಬಿಟ್ಟಿದ್ದಾಳೆ. ಅತ್ತಿಗೆಯನ್ನೂ ಕರೆದುಕೊಂಡು ಬನ್ನಿ ಅಣ್ಣಾ. ಸುಂಟಿಕೊಪ್ಪದ ಹತ್ತಿರ ಒಂದು ತೋಟದವರು ಡ್ರೈಯರ್ ನೋಡಲು ಕರೆದಿದ್ದಾರೆ, ಕೊಯ್ಲು ಶುರುವಾದ ಮೇಲೆ ಇಬ್ಬರೂ ಹೋಗೋಣ.